ಸಿಗರೇಟು ಬಿಟ್ಟವರಿಗೆ ಹಾರ ಹಾಕಬೇಡಿ

ನಾನು ಸಿಗರೇಟು ಬಿಟ್ಟದ್ದು ಮೂರು ಸಲ. ಅಹಮದಾಬಾದಿನಲ್ಲಿ 19 ದಿನ, ವಡೋದರಾದಲ್ಲಿ 4 ವರ್ಷ 2 ತಿಂಗಳು, ಸೂರತ್ತಿನಲ್ಲಿ 2014ರ ಏಪ್ರಿಲ್‌ನಿಂದ ಇವತ್ತಿನವರೆಗೆ. ಮೂರರಲ್ಲಿ ನನ್ನ ಕೊರಳಿಗೆ ಹಾರ ಬಿದ್ದದ್ದು ಎರಡನೆಯದಕ್ಕೆ. ಆ ಹಾರದ ಕಥೆಯನ್ನೂ ಅದರಿಂದ ನನ್ನಲ್ಲಿ ಬಲಿತ ಒಂದು ಅಭಿಪ್ರಾಯವನ್ನೂ ಇಲ್ಲಿ ಹೇಳಬೇಕಾಗಿದೆ. ಅಭಿಪ್ರಾಯ ಇಷ್ಟೇ: ಸಿಗರೇಟು ಬಿಡುವುದನ್ನು ನಾವು ಛಲದ ಪರೀಕ್ಷೆ ಅಂದುಕೊಂಡಿರುವ ತನಕ ಬಿಟ್ಟವರು ಮತ್ತೆ ಹತ್ತಿಸುತ್ತಲೇ ಇರುತ್ತಾರೆ, ಹತ್ತಿಸಿದ್ದನ್ನು ಮುಚ್ಚಿಡುತ್ತಲೂ ಇರುತ್ತಾರೆ.

ನನ್ನೂರು ದಾವಣಗೆರೆ. ಹತ್ತಿ ಗಿರಣಿಗಳ ಕಾಲದಲ್ಲಿ ಅದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. 2003ರಲ್ಲಿ ಬಟ್ಟೆಯ ಬಣ್ಣ ಮಾರುವ ಕೆಲಸ ಹಿಡಿದು ನಾನು ಬಂದಿಳಿದದ್ದು ಭಾರತದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಅಹಮದಾಬಾದಿನಲ್ಲಿ. ಅಷ್ಟುಹೊತ್ತಿಗೆ ಎರಡೂ ಊರುಗಳ ಹಳೆಯ ಗಿರಣಿಗಳು ಬಹುಪಾಲು ಮುಚ್ಚಿದ್ದವು, ಹೆಸರು ಮಾತ್ರ ಉಳಿದಿತ್ತು. ದಾವಣಗೆರೆಯಲ್ಲಿ ಸಂಜೆ ಅಂದರೆ ಮಂಡಕ್ಕಿ, ಮೆಣಸಿನಕಾಯಿ. ಇಲ್ಲಿ ಸಂಜೆ ಅಂದರೆ ಕೀಟ್ಲಿ. ರಸ್ತೆ ಬದಿಯ ಚಹಾದ ಗಾಡಿಗೆ ಇಲ್ಲಿ ಹಾಗೆನ್ನುತ್ತಾರೆ. ‘ಅಡ್ಧೀ’ ಅಂದರೆ ಅರ್ಧ ಕಪ್ ಚಹಾ ಬರುತ್ತದೆ. ಅದರ ಪಕ್ಕದಲ್ಲೇ ಗಲ್ಲೋ, ಅಂದರೆ ನಮ್ಮ ಬೀಡಾ ಅಂಗಡಿ. ರಾಜ್ಯ ಹುಟ್ಟಿದ 1960ರಿಂದಲೂ ಗುಜರಾತಿನಲ್ಲಿ ಪಾನನಿಷೇಧವಿದೆ. ಹೆಂಡಕ್ಕೆ ಪರವಾನಗಿ ಬೇಕು. ಗಲ್ಲೋದ ಮುಂದೆ ನಿಲ್ಲಲು ಏನೂ ಬೇಡ. ಭಾಷೆ ಬಾರದ, ಗೆಳೆಯರಿಲ್ಲದ 26ರ ಹುಡುಗನಿಗೆ ಅಲ್ಲಿ ಬೆಂಕಿ ಕೇಳುವುದೇ ಮೊದಲ ಗುಜರಾತಿ ಪಾಠವಾಯಿತು.

ನನ್ನ ಕೆಲಸ ವಟ್ವಾ ಕೈಗಾರಿಕಾ ವಸಾಹತಿನಲ್ಲಿ. ಬಣ್ಣದ ಕಾರ್ಖಾನೆ, ಒಳಗೆಲ್ಲ ಬೆಂಕಿ ತಾಗಿದರೆ ಹೊತ್ತುವ ದ್ರಾವಕಗಳು. ಗೇಟಿನಲ್ಲೇ ಕಡ್ಡಿಪೆಟ್ಟಿಗೆ ಕಿತ್ತಿಟ್ಟುಕೊಳ್ಳುತ್ತಿದ್ದರು. ಬೆಳಿಗ್ಗೆ ಒಳಹೊಕ್ಕರೆ ಊಟದ ಹೊತ್ತಿನವರೆಗೆ ಸಿಗರೇಟಿನ ನೆನಪೂ ಆಗುತ್ತಿರಲಿಲ್ಲ. ಹೊರಗೆ ಕಾಲಿಟ್ಟು ಕೀಟ್ಲಿಯ ಶುಂಠಿ ವಾಸನೆ ಮೂಗಿಗೆ ಬಡಿದ ಕ್ಷಣ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ನಾಲ್ಕು ಗಂಟೆ ಸುಮ್ಮನಿದ್ದ ಆಸೆ ನಾಲ್ಕು ಹೆಜ್ಜೆಯಲ್ಲಿ ಹೇಗೆ ಬಂತು ಎಂದು ಆಗ ಕೇಳಿಕೊಂಡಿದ್ದರೆ ನನ್ನ ಹತ್ತು ವರ್ಷ ಉಳಿಯುತ್ತಿತ್ತು. ನಾನು ಕೇಳಿಕೊಳ್ಳಲಿಲ್ಲ. 2006ರ ಜನವರಿ 1ಕ್ಕೆ ಎಲ್ಲರಂತೆ ಪ್ರತಿಜ್ಞೆ ಮಾಡಿದೆ, 20ನೇ ತಾರೀಕು ಅದೇ ಗೇಟಿನ ಮುಂದೆ, ಅದೇ ಚಹಾದ ಜೊತೆ ಹತ್ತಿಸಿದೆ. ‘ನಿನಗೆ ಛಲ ಇಲ್ಲ’ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು ಮೂರು ವರ್ಷ ಹಾಯಾಗಿ ಸೇದಿದೆ. ಛಲ ಇಲ್ಲ ಅಂದುಕೊಳ್ಳುವುದರಲ್ಲಿ ಒಂದು ಅನುಕೂಲವೂ ಇತ್ತು, ಮತ್ತೆ ಪ್ರಯತ್ನಿಸುವ ಕೆಲಸ ತಪ್ಪುತ್ತಿತ್ತು.

2009ರಲ್ಲಿ ವಡೋದರಾಕ್ಕೆ ವರ್ಗವಾಯಿತು. ಕೆಲಸದ ನಿಮಿತ್ತ ವಾರಕ್ಕೊಮ್ಮೆ ರೈಲಿನಲ್ಲಿ ಅಹಮದಾಬಾದಿಗೆ ಹೋಗಿಬರಬೇಕಿತ್ತು. ಸುಮಾರು 100 ಕಿಲೋಮೀಟರಿನ ಈ ದಾರಿ ನಡಿಯಾದ್, ಆಣಂದ್ ದಾಟಿ ಹೋಗುತ್ತದೆ. ಆಣಂದ್ ಅಂದರೆ ನಮಗೆಲ್ಲ ಅಮುಲ್ ಹಾಲು. ಆದರೆ ಚರೋತರ್ ಎಂದು ಕರೆಯುವ ಈ ಸೀಮೆ ಬೀಡಿ ತಂಬಾಕಿನ ಸೀಮೆಯೂ ಹೌದು, ಬೀಡಿ ತಂಬಾಕಿನ ಸಂಶೋಧನಾ ಕೇಂದ್ರವೂ ಆಣಂದದಲ್ಲೇ ಇದೆ. ನಮ್ಮಲ್ಲಿ ನಿಪ್ಪಾಣಿ ಸೀಮೆ ಹೇಗೋ ಇಲ್ಲಿ ಇದು ಹಾಗೆ. ಚಳಿಗಾಲದಲ್ಲಿ ಕಿಟಕಿಯಾಚೆ ಅಗಲ ಎಲೆಯ ಗಿಡಗಳು ಹಸಿರಾಗಿ ನಿಂತಿರುತ್ತವೆ.

ಆ ರೈಲಿನಲ್ಲಿ ಜೊತೆಯಾಗುತ್ತಿದ್ದ ರೈತರೊಬ್ಬರು ಒಂದು ಸಂಗತಿ ಹೇಳಿದ್ದರು. ಹೂ ಬಿಡುವ ಹೊತ್ತಿಗೆ ತಂಬಾಕಿನ ಗಿಡದ ತುದಿ ಚಿವುಟುತ್ತಾರಂತೆ, ಎಲೆ ದಪ್ಪವಾಗಲಿ, ಘಾಟು ಏರಲಿ ಎಂದು. ಚಿವುಟಿದ ಮೇಲೆ ಒಂದೊಂದು ಎಲೆಯ ಬುಡದಲ್ಲೂ ಹೊಸ ಕುಡಿ ಒಡೆಯುತ್ತದೆ. ಅದನ್ನು ಕೀಳಬೇಕು, ಮತ್ತೆ ಬರುತ್ತದೆ, ಮತ್ತೆ ಕೀಳಬೇಕು. ‘ಚಿವುಟುವುದು ಒಂದು ದಿನದ ಕೆಲಸ ಭಾಯ್, ಕುಡಿ ಕೀಳುವುದೇ ಬೇಸಾಯ’ ಅಂದಿದ್ದರು. ಆಗ ನಾನು ಸಿಗರೇಟು ಬಿಟ್ಟು ಕೆಲವು ತಿಂಗಳಾಗಿತ್ತು. ಅವರು ತಮ್ಮ ಹೊಲದ ಮಾತಾಡುತ್ತಿದ್ದರು. ಅದು ನನಗೂ ಹೊಂದುವ ಮಾತು ಅನ್ನುವುದು ಅರ್ಥವಾಗಲು ನಾಲ್ಕು ವರ್ಷ ಬೇಕಾಯಿತು.

ವಡೋದರಾದಲ್ಲಿ ಬಿಟ್ಟದ್ದು ಮಗಳು ಹುಟ್ಟಿದ ವಾರ. ಕಾರಣ ದೊಡ್ಡದಿತ್ತು, ಊರು ಹೊಸದಿತ್ತು, ಹಳೆಯ ಗೇಟು, ಹಳೆಯ ಕೀಟ್ಲಿ ಹಿಂದೆ ಉಳಿದಿದ್ದವು. ಸುಲಭವಾಗಿಯೇ ಆಯಿತು. ಆ ಸುಲಭವನ್ನು ನಾನು ನನ್ನ ಛಲದ ಲೆಕ್ಕಕ್ಕೆ ಬರೆದುಕೊಂಡೆ. ಮೂರು ವರ್ಷ ಕಳೆದಾಗ ಊರಿನ ಕನ್ನಡಿಗರೆಲ್ಲ ಸೇರಿದ ಒಂದು ರಾಜ್ಯೋತ್ಸವದಲ್ಲಿ ಯಾರೋ ಈ ವಿಷಯ ಎತ್ತಿದರು. ವೇದಿಕೆಗೆ ಕರೆದು ಶಾಲು ಹೊದಿಸಿ ಹಾರ ಹಾಕಿದರು. ‘ಮನಸ್ಸು ಮಾಡಿದರೆ ಆಗದ್ದು ಏನಿದೆ’ ಎಂದು ನಾನು ಮೈಕಿನಲ್ಲಿ ಹೇಳಿದೆ. ಚಪ್ಪಾಳೆ ಬಿತ್ತು. ಹಿರಿಯರೊಬ್ಬರು ತಮ್ಮ ಮಗನ ಕಿವಿ ಹಿಡಿದು ‘ನೋಡು, ಕಲಿ’ ಅಂದರು. ಆ ಹುಡುಗ ನನ್ನತ್ತ ನೋಡಿದ ನೋಟ ಇನ್ನೂ ನೆನಪಿದೆ.

ಹತ್ತು ತಿಂಗಳ ನಂತರ ಮತ್ತೆ ಹತ್ತಿಸಿದೆ. ದುಃಖವಿರಲಿಲ್ಲ, ಸಂಕಟವಿರಲಿಲ್ಲ. ಬಡ್ತಿ ಸಿಕ್ಕಿತ್ತು. ಅಹಮದಾಬಾದಿನ ಹಳೆಯ ಗೆಳೆಯರು ಬಂದಿದ್ದರು. ಊಟವಾಗಿ ರಸ್ತೆ ಬದಿ ಚಹಾ ಹಿಡಿದು ನಿಂತಿದ್ದಾಗ ಒಬ್ಬ ಅಭ್ಯಾಸಬಲದಿಂದ ಪ್ಯಾಕು ಚಾಚಿದ. ‘ಒಂದರಿಂದ ಏನಾಗುತ್ತದೆ, ನಾಲ್ಕು ವರ್ಷ ಬಿಟ್ಟವನು ನಾನು’ ಅಂದುಕೊಂಡೆ. ಗೆದ್ದವನು ಎಂಬ ಆ ಜಂಬವೇ ಮೊದಲ ಸಿಗರೇಟಿಗೆ ಕಡ್ಡಿ ಗೀರಿತು. ವಾರದಲ್ಲಿ ದಿನಕ್ಕೆ ಮೂರಾಯಿತು, ತಿಂಗಳಲ್ಲಿ ಹನ್ನೊಂದು.

ಏಳು ತಿಂಗಳು ಯಾರಿಗೂ ಹೇಳಲಿಲ್ಲ. ಹೇಗೆ ಹೇಳುವುದು? ಶಾಲು ಬೀರುವಿನಲ್ಲಿತ್ತು. ಗುಜರಾತಿಗಳು ಊಟದ ಮೇಲೆ ತಿನ್ನುವ ಮುಖವಾಸ, ಅಂದರೆ ಸೋಂಪು, ಎಳ್ಳು, ಧನಿಯಾ ಬೇಳೆಯ ಮಿಶ್ರಣ, ಜೇಬಿನಲ್ಲಿ ಸದಾ ಇರುತ್ತಿತ್ತು. ಸೇದುವುದು, ಮುಖವಾಸ ಅಗಿಯುವುದು, ಹತ್ತು ನಿಮಿಷ ಗಾಳಿಯಲ್ಲಿ ನಿಲ್ಲುವುದು, ಮನೆಗೆ ಹೋಗುವುದು. ಮಗಳನ್ನು ಎತ್ತಿಕೊಳ್ಳುವ ಮೊದಲು ಕೈ ತೊಳೆಯುವುದು. ಸಿಗರೇಟಿಗಿಂತ ಈ ವ್ಯವಸ್ಥೆಯೇ ದೊಡ್ಡ ಚಟವಾಯಿತು. ಮತ್ತೆ ಬಿಡಬೇಕೆಂದರೆ ಮೊದಲು ‘ಸೇದುತ್ತಿದ್ದೇನೆ’ ಎಂದು ಒಪ್ಪಿಕೊಳ್ಳಬೇಕು. ಅದೇ ಆಗದೆ ಬಿಡುವುದೂ ಆಗಲಿಲ್ಲ.

2014ರಲ್ಲಿ ಸೂರತ್ತಿಗೆ ಬಂದೆವು. ಪಾಂಡೇಸರಾದ ಬಣ್ಣದ ಗಿರಣಿಗಳು ನನ್ನ ಹೊಸ ಗಿರಾಕಿಗಳು. ಸಾಮಾನು ಬಿಚ್ಚುತ್ತಿದ್ದ ಸಂಜೆ ಹೆಂಡತಿಗೆ ಹೇಳಿಬಿಟ್ಟೆ. ಅವಳು ಪೆಟ್ಟಿಗೆಯಿಂದ ತಲೆಯೆತ್ತದೆ ಅಂದಳು: ‘ಗೊತ್ತಿತ್ತು ರೀ. ಇಷ್ಟೊಂದು ಮುಖವಾಸ ಯಾಕೆ ತಿಂತೀರಿ ಅಂತ ಕೇಳಿದ್ರೆ ನೀವು ಸುಳ್ಳು ಹೇಳಬೇಕಾಗ್ತಿತ್ತು. ಅದಕ್ಕೇ ಕೇಳಲಿಲ್ಲ.’

ಗಾಂಧೀಜಿ ಹುಡುಗನಾಗಿದ್ದಾಗ ಕದ್ದುಮುಚ್ಚಿ ಸೇದಿದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಅಹಮದಾಬಾದಿನಿಂದ ಹೊರಡುತ್ತಿದ್ದ ‘ನವಜೀವನ’ದಲ್ಲಿ 1925ರಿಂದ ಅದು ಕಂತುಕಂತಾಗಿ ಬಂತು. ದೊಡ್ಡವರು ಎಸೆದ ತುಂಡು ಸೇದುವುದು, ಬೀಡಿಗೆ ಆಳಿನ ಜೇಬಿನಿಂದ ಕಾಸು ಕದಿಯುವುದು, ಮುಂದೆ ಅಣ್ಣನ ಕಡಗದ ಚಿನ್ನ ಕದಿಯುವುದು, ಎಲ್ಲವೂ ಅಲ್ಲಿದೆ. ಚಿನ್ನದ ಕಳವನ್ನು ಚೀಟಿಯಲ್ಲಿ ಬರೆದು ಕೊಟ್ಟಾಗ ಕಾಯಿಲೆ ಮಲಗಿದ್ದ ತಂದೆ ಬೈಯಲಿಲ್ಲ, ಕಣ್ಣೀರು ಹಾಕಿ ಚೀಟಿ ಹರಿದರು. ನಾವು ಮಕ್ಕಳಿಗೆ ಈ ಕಥೆಯಲ್ಲಿ ತಪ್ಪೊಪ್ಪಿದ ಮಗನನ್ನು ತೋರಿಸುತ್ತೇವೆ. ತಪ್ಪೊಪ್ಪಲು ಸಾಧ್ಯವಾಗುವಂತೆ ಕೇಳಿಸಿಕೊಂಡ ತಂದೆಯನ್ನೂ ತೋರಿಸಬೇಕು.

ಹೆಂಡತಿಯೇ ಕರೆದೊಯ್ದ ಸೂರತ್ತಿನ ವೈದ್ಯೆ ನನ್ನ ಹಳೆಯ ಕಥೆ ಕೇಳಿ ‘ಯಾಕೆ ಮತ್ತೆ ಶುರು ಮಾಡಿದಿರಿ’ ಅನ್ನಲಿಲ್ಲ. ‘ನಾಲ್ಕು ವರ್ಷ ಬಿಟ್ಟಿದ್ದಿರಲ್ಲ, ಆಗ ಏನು ಮಾಡುತ್ತಿದ್ದಿರಿ’ ಎಂದು ಕೇಳಿದರು. ಸೋಲು ಎಂದು ನಾನು ಮುಚ್ಚಿಟ್ಟಿದ್ದು ಅವರಿಗೆ ಅನುಭವವಾಗಿ ಕಂಡಿತ್ತು. ಒಂದು ಹಾಳೆ ಕೊಟ್ಟು ದಿನದ ಹನ್ನೊಂದು ಸಿಗರೇಟುಗಳನ್ನು ಹೊತ್ತು, ಜಾಗ, ಜೊತೆಗಾರರ ಸಮೇತ ಬರೆಯಿಸಿದರು. ಹನ್ನೊಂದರಲ್ಲಿ ಏಳು ಚಹಾದ ಜೊತೆಗಿದ್ದವು. ವಟ್ವಾದ ಗೇಟು ಹೇಳುತ್ತಿದ್ದದ್ದನ್ನೇ ಆ ಹಾಳೆ ಹೇಳಿತು.

ಅವರು ತಿಳಿಸಿದ್ದು ಸರಳ ಲೆಕ್ಕ. ಹೊಗೆ ಎಳೆದ 10–20 ಸೆಕೆಂಡಿನಲ್ಲಿ ನಿಕೋಟಿನ್ ಮೆದುಳು ಮುಟ್ಟುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿ ಅದು ಅರ್ಧಕ್ಕಿಳಿಯುತ್ತದೆ. ಬಿಟ್ಟ ಮೊದಲ ವಾರ ಸಿಡುಕು, ನಿದ್ದೆಗೇಡು, ಹಸಿವು ಜೋರು. ಎರಡರಿಂದ ನಾಲ್ಕು ವಾರದಲ್ಲಿ ಇಳಿಮುಖ. ಹಾಗಾದರೆ ದೇಹದ ಜಗಳ ಒಂದು ತಿಂಗಳಲ್ಲಿ ಮುಗಿಯಿತು. ಐವತ್ತನೇ ತಿಂಗಳಲ್ಲಿ ನಾನು ಹತ್ತಿಸಿದ್ದಕ್ಕೆ ದೇಹ ಹೊಣೆಯಲ್ಲ. ಶುಂಠಿ ಚಹಾದ ವಾಸನೆ, ಹಳೆಯ ಗೆಳೆಯನ ಕೈಚಾಚು, ಸಂಭ್ರಮದ ರಾತ್ರಿ, ಇವನ್ನೆಲ್ಲ ಸಿಗರೇಟಿನ ಜೊತೆ ಹೊಲಿದಿಟ್ಟ ಮೆದುಳು ಆ ಹೊಲಿಗೆಯನ್ನು ವರ್ಷಗಟ್ಟಲೆ ಬಿಚ್ಚುವುದಿಲ್ಲ. ಬಿಟ್ಟ ಐದನೇ ವರ್ಷವೂ ಕನಸಿನಲ್ಲಿ ಸೇದಿ, ಅಪರಾಧಿಯಂತೆ ಎದ್ದು ಕೂತಿದ್ದೇನೆ.

ಇದಕ್ಕೆ ನಮ್ಮಲ್ಲೇ ಒಳ್ಳೆಯ ಉದಾಹರಣೆಯಿದೆ. ದಾವಣಗೆರೆಯ ನನ್ನ ಓಣಿಯಲ್ಲಿ ಅಯ್ಯಪ್ಪನ ಮಾಲೆ ಹಾಕುವವರು ಹಲವರು. ದಿನಕ್ಕೆ ಎರಡು ಪ್ಯಾಕು ಸೇದುವವನೂ ಮಾಲೆ ಬಿದ್ದ ದಿನ ನಿಲ್ಲಿಸುತ್ತಾನೆ, 41 ದಿನ ಮುಟ್ಟುವುದಿಲ್ಲ. ಮೊದಲ ವಾರದ ಸಿಡುಕು ಕಳೆದಿರುತ್ತದೆ, ತಿಂಗಳು ದಾಟಿರುತ್ತದೆ. ಆದರೂ ಬೆಟ್ಟಕ್ಕೆ ಹೋಗಿಬಂದು ಮಾಲೆ ತೆಗೆದ ಸಂಜೆ ಚಹಾದಂಗಡಿಯ ಮುಂದೆ ಹೊಗೆ ಏಳುತ್ತದೆ. ಭಕ್ತಿ ಸಾಲದು ಎಂದು ಜನ ನಗುತ್ತಾರೆ. ನಾನು ಬೇರೆ ರೀತಿ ನೋಡುತ್ತೇನೆ. ಮಾಲೆ ಇದ್ದಾಗ ಅವನನ್ನು ಎಲ್ಲರೂ ‘ಸ್ವಾಮಿ’ ಅನ್ನುತ್ತಿದ್ದರು, ಯಾರೂ ಪ್ಯಾಕು ಚಾಚುತ್ತಿರಲಿಲ್ಲ, ಸಂಜೆ ಹೋಗಲು ಭಜನೆಯಿತ್ತು, ಜೊತೆಗೆ ಇನ್ನಷ್ಟು ಸ್ವಾಮಿಗಳಿದ್ದರು. ಅವನ ವ್ರತವನ್ನು ಓಣಿಯೇ ಹೊತ್ತಿತ್ತು. ಮಾಲೆಯ ಜೊತೆ ಅದೆಲ್ಲ ಒಂದೇ ದಿನ ಕಳಚಿತು. ಗುಜರಾತಿನಲ್ಲೂ ಹೀಗೆಯೇ. ‘ಬಾಧಾ’ ಎಂಬ ಹರಕೆ ಹೊತ್ತು, ಶ್ರಾವಣ ಮಾಸ ಹಿಡಿದು ಚಟ ಬಿಡುವವರು ಬೇಕಾದಷ್ಟು. ಗಡುವಿರುವ ವ್ರತ ಗಡುವಿಗೆ ಮುಗಿಯುತ್ತದೆ. ಮುಗಿದ ಮರುದಿನದ ಸಂಜೆ ಎಲ್ಲಿ, ಯಾರ ಜೊತೆ ನಿಲ್ಲಬೇಕು ಎಂದು ಅದು ಹೇಳಿಕೊಡುವುದಿಲ್ಲ.

ಬರಿಯ ಛಲದಿಂದ ಬಿಟ್ಟವರ ಲೆಕ್ಕವನ್ನು ವಿಜ್ಞಾನಿಗಳು ಹಾಕಿದ್ದಾರೆ. ಯಾವ ನೆರವೂ ಇಲ್ಲದೆ ಬಿಡಲು ಹೊರಟ 100 ಮಂದಿಯಲ್ಲಿ ಆರು ತಿಂಗಳಿಂದ ಒಂದು ವರ್ಷದ ಹೊತ್ತಿಗೆ ಸೇದದೆ ಉಳಿಯುವವರು 3ರಿಂದ 5 ಮಂದಿ. ಉಳಿದ 95 ಮಂದಿಯೂ ಛಲಗೇಡಿಗಳು ಎಂದು ನಂಬುವುದು ಕಷ್ಟ. ನಿಕೋಟಿನ್ ಚ್ಯೂಯಿಂಗ್ ಗಮ್, ಪಟ್ಟಿ ಮುಂತಾದವನ್ನು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು, 2021ರಲ್ಲಿ ಬುಪ್ರೊಪಿಯಾನ್, ವರೆನಿಕ್ಲಿನ್ ಮಾತ್ರೆಗಳನ್ನೂ ಸೇರಿಸಿತು. ಜ್ವರಕ್ಕೆ ಮಾತ್ರೆ ನುಂಗಲು ನಾಚದವರು ಇದಕ್ಕೆ ನಾಚುತ್ತೇವೆ. ‘ಗಮ್ ತಿಂದು ಬಿಟ್ಟರೆ ಅದೇನು ಬಿಟ್ಟಂತೆಯೇ’ ಎಂದು ಕೇಳಿದವರಿದ್ದಾರೆ. ನನ್ನ ಮಗಳಿಗೆ ಅಪ್ಪ ಬದುಕಿದ್ದರೆ ಸಾಕು, ಹೇಗೆ ಬಿಟ್ಟ ಎಂದು ಅವಳು ಅಂಕ ಕೊಡುವುದಿಲ್ಲ.

ವೈದ್ಯೆ ನನಗೂ ಗಮ್ ಬರೆದುಕೊಟ್ಟರು. ಅದನ್ನು ಸಾಮಾನ್ಯ ಗಮ್ಮಿನಂತೆ ಜಗಿಯಬಾರದು. ನಿಧಾನ ಅಗಿದು, ನಾಲಿಗೆ ಚುರುಗುಟ್ಟಿದ ಕೂಡಲೇ ದವಡೆಯ ಸಂದಿಯಲ್ಲಿಟ್ಟು ಸುಮ್ಮನಿರಬೇಕು. ಕಾಲು ಗಂಟೆ ಮೊದಲಿನಿಂದ ಚಹಾ, ಕಾಫಿ ಕುಡಿಯಬಾರದು, ಕುಡಿದರೆ ನಿಕೋಟಿನ್ ಬಾಯಲ್ಲಿ ಸರಿಯಾಗಿ ಇಂಗುವುದಿಲ್ಲ. ಈ ಸಣ್ಣ ನಿಯಮ ನನ್ನನ್ನು ಉಳಿಸಿತು. ಚಹಾ ಬೇಕೆಂದರೆ ಗಮ್ ಇಲ್ಲ, ಗಮ್ ಇದ್ದರೆ ಚಹಾ ಇಲ್ಲ. ಹದಿನೈದು ವರ್ಷ ಜೋಡಿಯಾಗಿದ್ದ ನಿಕೋಟಿನ್ನೂ ಚಹಾವೂ ಮೊದಲ ಸಲ ಬೇರೆ ಬೇರೆ ಹೊತ್ತಿಗೆ ಬರತೊಡಗಿದವು. ಮೂರು ತಿಂಗಳಲ್ಲಿ ಚಹಾ ಬರಿಯ ಚಹಾ ಆಯಿತು. ಆಮೇಲೆ ಗಮ್ಮನ್ನೂ ಕಡಿಮೆ ಮಾಡುತ್ತ ನಿಲ್ಲಿಸಿದೆ.

ಗಲ್ಲೋದ ಗೆಳೆಯರು ನನ್ನ ಕೆನ್ನೆಯ ಉಬ್ಬು ಕಂಡು ‘ನೀನೂ ಮಾವೋ ಹಿಡಿದೆಯಾ’ ಎಂದು ನಕ್ಕರು. ಅಡಿಕೆ, ತಂಬಾಕು, ಸುಣ್ಣವನ್ನು ಪ್ಲಾಸ್ಟಿಕ್ಕಿನಲ್ಲಿಟ್ಟು ಉಜ್ಜಿ ಕೊಡುವ ಮಾವೋ ಇಲ್ಲಿ ಎಲ್ಲೆಡೆ ಸಿಗುತ್ತದೆ. ನಗೆಯ ಮಾತಾದರೂ ಎಚ್ಚರಿಕೆಯ ವಿಷಯ, ಯಾಕೆಂದರೆ ಸಿಗರೇಟು ಬಿಟ್ಟು ಮಾವೋಗೆ ಹೋದವರನ್ನು ಈ ಮೂರೂ ಊರಿನಲ್ಲಿ ಕಂಡಿದ್ದೇನೆ. ಹೊಗೆ ಹೋಯಿತು, ಬಾಯಿಯ ಕ್ಯಾನ್ಸರಿನ ದಾರಿ ತೆರೆಯಿತು. 2016–17ರ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಸೇದುವವರು ಶೇ. 10.7, ಹೊಗೆಯಿಲ್ಲದ ತಂಬಾಕು ಬಳಸುವವರು ಅದರ ಎರಡರಷ್ಟು, ಶೇ. 21.4. ಇದರಲ್ಲಿ ನಮ್ಮ ಕೈಯೂ ಇದೆ. ನಮ್ಮ ಕರಾವಳಿಯ ಚಾಲಿ ಅಡಿಕೆಗೆ ಗುಜರಾತು ದೊಡ್ಡ ಮಾರುಕಟ್ಟೆ.

ಹಾಗಾದರೆ ಏನು ಮಾಡಬೇಕು? ಸರ್ಕಾರ ಒಂದು ಒಳ್ಳೆಯ ಕೆಲಸ ಮಾಡಿದೆ. 1800-11-2356 ಎಂಬ ಉಚಿತ ಸಹಾಯವಾಣಿ 2016ರಲ್ಲಿ ದೆಹಲಿಯಲ್ಲಿ ಶುರುವಾಯಿತು. ಈಗ ಬೆಂಗಳೂರಿನ ನಿಮ್ಹಾನ್ಸ್ ಕೂಡ ಅದರ ಒಂದು ಕೇಂದ್ರ, ಕನ್ನಡದಲ್ಲಿ ಮಾತಾಡಬಹುದು. ಸೂರತ್ತಿನಲ್ಲಿ, ಪುಣೆಯಲ್ಲಿ, ಗುರುಗ್ರಾಮದಲ್ಲಿ ಕೂತು ತನ್ನ ಸಂಕಟವನ್ನು ತನ್ನ ಭಾಷೆಯಲ್ಲಿ ಹೇಳಿಕೊಳ್ಳುವುದು ಸಣ್ಣ ಮಾತಲ್ಲ. 2018ರ ಸೆಪ್ಟೆಂಬರಿನಿಂದ ಈ ಸಂಖ್ಯೆಯನ್ನು ಪ್ಯಾಕಿನ ಮೇಲೆ ಅಚ್ಚು ಹಾಕುತ್ತಾರೆ. ಆದರೆ ಗಲ್ಲೋದಲ್ಲಿ ನಾವು ಪ್ಯಾಕು ಕೊಳ್ಳುವುದಿಲ್ಲ, ಬಿಡಿ ಸಿಗರೇಟು ಕೊಳ್ಳುತ್ತೇವೆ. ಶೇ. 85 ಜಾಗ ತುಂಬಿದ ಎಚ್ಚರಿಕೆಯ ಚಿತ್ರವೂ ಸಹಾಯವಾಣಿಯ ಸಂಖ್ಯೆಯೂ ಅಂಗಡಿಯವನ ಡಬ್ಬಿಯಲ್ಲೇ ಉಳಿಯುತ್ತವೆ. ಬಿಡಿ ಮಾರಾಟ ನಿಂತರೆ ಒಳ್ಳೆಯದು. ಅಲ್ಲಿಯವರೆಗೆ ಕಾರ್ಖಾನೆಯ ಗೇಟಿನಲ್ಲಿ, ಕಡ್ಡಿಪೆಟ್ಟಿಗೆ ಕಿತ್ತುಕೊಳ್ಳುವ ಜಾಗದಲ್ಲೇ, ಈ ಸಂಖ್ಯೆಯನ್ನು ಬರೆದು ಹಾಕಲಿ.

‘ಇಷ್ಟು ವರ್ಷ ಸೇದಿಯಾಯಿತು, ಈಗ ಬಿಟ್ಟೇನು ಫಲ’ ಅನ್ನುವವರಿಗೆ ಒಂದು ಲೆಕ್ಕ. ಬ್ರಿಟನ್ನಿನ ವೈದ್ಯರನ್ನು 1951ರಿಂದ 50 ವರ್ಷ ಹಿಂಬಾಲಿಸಿದ ರಿಚರ್ಡ್ ಡಾಲ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ್ದು ಇದು: ಸೇದುತ್ತಲೇ ಇದ್ದವರು ಸರಾಸರಿ 10 ವರ್ಷ ಆಯುಷ್ಯ ಕಳೆದುಕೊಂಡರು. 60ರಲ್ಲಿ ಬಿಟ್ಟವರು ಅದರಲ್ಲಿ ಸುಮಾರು 3 ವರ್ಷ ಮರಳಿ ಪಡೆದರು, 50ರಲ್ಲಿ ಬಿಟ್ಟವರು 6, 40ರಲ್ಲಿ 9, 30ರಲ್ಲಿ ಬಿಟ್ಟವರು ಹೆಚ್ಚುಕಡಿಮೆ ಪೂರ್ತಿ 10. ನಾನು ಕೊನೆಯ ಸಲ ಬಿಟ್ಟಾಗ 37. ಏಳು ತಿಂಗಳು ಮುಚ್ಚಿಟ್ಟದ್ದು ಏಳು ವರ್ಷವಾಗಿದ್ದರೆ ಏನಾಗುತ್ತಿತ್ತು ಎಂದು ಈ ಲೆಕ್ಕ ನೋಡಿದಾಗಲೆಲ್ಲ ಯೋಚಿಸುತ್ತೇನೆ.

ಉಳಿದದ್ದು ನಮ್ಮ ಕೈಯಲ್ಲಿದೆ. ಬಿಟ್ಟವರನ್ನು ವೇದಿಕೆಗೆ ಕರೆಯಬೇಡಿ. ಮೆಚ್ಚುಗೆ ತಪ್ಪಲ್ಲ, ಆದರೆ ವೇದಿಕೆಯ ಮೇಲೆ ನಿಂತವನಿಗೆ ಬೀಳಲು ಅನುಮತಿಯಿಲ್ಲ, ಬಿದ್ದರೆ ಹೇಳಲು ಬಾಯಿಲ್ಲ. ಬದಲಿಗೆ ಅವರ ಜೊತೆ ಚಹಾ ಕುಡಿಯಿರಿ. ಅವರು ಬಿಟ್ಟದ್ದು ಸಿಗರೇಟನ್ನು, ಗೆಳೆಯರನ್ನಲ್ಲ. ಗಲ್ಲೋದಿಂದ ಹತ್ತು ಮಾರು ದೂರದ ಇನ್ನೊಂದು ಕೀಟ್ಲಿಗೆ ನೀವೂ ನಡೆದು ಬನ್ನಿ. ತಿಂಗಳಿಗೊಮ್ಮೆಯಾದರೂ ‘ಹೇಗೆ ನಡೀತಿದೆ’ ಎಂದು ಕೇಳಿ, ಹೌದು, ಐದನೇ ವರ್ಷವೂ. ಮತ್ತೆ ಸೇದಿದೆ ಅಂದರೆ ‘ಅಯ್ಯೋ’ ಅನ್ನಬೇಡಿ. ಬಿಟ್ಟಿದ್ದ ದಿನಗಳು ಅಳಿಸಿಹೋಗುವುದಿಲ್ಲ. ಆ ದಿನಗಳಲ್ಲಿ ದೇಹ ಚೇತರಿಸಿಕೊಂಡಿದೆ, ಮನಸ್ಸು ಕಲಿತಿದೆ. ಲೆಕ್ಕ ಸೊನ್ನೆಯಿಂದ ಶುರುವಾಗಬೇಕಿಲ್ಲ.

ಕಳೆದ ತಿಂಗಳು ನಮ್ಮ ಕಚೇರಿಯ ಹಾವೇರಿ ಕಡೆಯ ಹುಡುಗ ಸಂಜೆ ಬಂದು ಬಾಗಿಲಲ್ಲೇ ನಿಂತ. ‘ಅಣ್ಣಾ, ಮತ್ತೆ ಸೇದಿಬಿಟ್ಟೆ’ ಅಂದ. ಮುಖ ನೆಲ ನೋಡುತ್ತಿತ್ತು.

‘ಎಷ್ಟು ದಿನ ಬಿಟ್ಟಿದ್ದೆ?’

‘ಇಪ್ಪತ್ಮೂರು.’

‘ನನ್ನ ಮೊದಲ ಸಲಕ್ಕಿಂತ ನಾಲ್ಕು ಜಾಸ್ತಿ. ಬಾ, ಚಹಾ ಕುಡಿಯೋಣ. ಇಪ್ಪತ್ನಾಲ್ಕನೇ ದಿನ ಎಲ್ಲಿದ್ದೆ, ಯಾರ ಜೊತೆ ಇದ್ದೆ, ಮೊದಲಿಂದ ಹೇಳು.’

ಹೇಳಿದ. ಸಂಬಳದ ದಿನ, ಹಳೆಯ ರೂಮಿನ ಗೆಳೆಯರು, ಗಲ್ಲೋ. ಮುಂದಿನ ಸಂಬಳದ ದಿನ ಅವನು ನಮ್ಮ ಮನೆಗೆ ಊಟಕ್ಕೆ ಬರುತ್ತಾನೆ.